ಸೊನ್ನೆಯ ಸುಳ್ಳು

ನರ್ಸಿಂಗ್ ಬಿಟ್ಟು ಕಂಪ್ಯೂಟರ್ ಕೆಲಸಕ್ಕೆ ಹೋದ ಹುಡುಗಿಯ ಬಗ್ಗೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ತೀರ್ಪು ಯಾವತ್ತೋ ಆಗಿಹೋಗಿದೆ. ಮಂಗಳೂರಿನ ಕಾಲೇಜಿಗೆ ಸುರಿದ ಫೀಸು, ನಾಲ್ಕು ವರ್ಷದ ಓದು, ಎರ್ನಾಕುಳಂನ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ಅಷ್ಟೂ ರಾತ್ರಿಗಳು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಇನ್ನು ಪಾಪ, ಸೊನ್ನೆಯಿಂದ ಶುರು ಮಾಡಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ಈ ಮಾತು ಮುಗಿದಿರುತ್ತದೆ. ಯಾರೂ ಎದುರಾಡುವುದಿಲ್ಲ.

ಮನೆಯವರು ಮಾತ್ರ ಹೀಗೆ ಹೇಳುತ್ತಿದ್ದರೆ ಬಿಡಬಹುದಿತ್ತು. ಕೊಚ್ಚಿಯ ಕಾಕನಾಡಿನ ಇನ್ಫೋಪಾರ್ಕ್ ಸುತ್ತಲಿನ ತರಬೇತಿ ಕೇಂದ್ರದವರು ಹೇಳುವುದೂ ಇದನ್ನೇ, ಕೊಂಚ ಹುರುಪಿನ ದನಿಯಲ್ಲಿ: ಹಳೆಯದನ್ನೆಲ್ಲ ಮರೆತುಬಿಡಿ, ಸೊನ್ನೆಯಿಂದ ಕಲಿಸುತ್ತೇವೆ, ಫೀಸು ಮೂರು ಕಂತಿನಲ್ಲಿ ಕೊಡಿ. ಕಂಪನಿಯ ಎಚ್‌ಆರ್ ಹೇಳುವುದೂ ಇದನ್ನೇ: ನೀವು ಫ್ರೆಶರ್. ಸೇವೆಯ ಹೆಸರಿನಲ್ಲಿ ನಿಟ್ಟುಸಿರು ಬಿಡುವ ಹಿರಿಯ ವೈದ್ಯರು ಹೇಳುವುದೂ ಇದನ್ನೇ: ಒಂದು ಸೀಟು ಹಾಳಾಯಿತು. ಬೇರೆ ಎಲ್ಲ ವಿಷಯಗಳಲ್ಲಿ ಜಗಳವಾಡುವ ಈ ನಾಲ್ಕು ಪಂಗಡದವರು ವಾರ್ಡಿನಲ್ಲಿ ಕಳೆದ ವರ್ಷಗಳು ವಾರ್ಡಿನ ಬಾಗಿಲಲ್ಲೇ ಸತ್ತುಹೋಗುತ್ತವೆ ಎನ್ನುವ ಒಂದು ವಿಷಯದಲ್ಲಿ ಮಾತ್ರ ಒಟ್ಟಾಗಿದ್ದಾರೆ. ಇದು ಸುಳ್ಳು. ಸುಳ್ಳಿನಿಂದ ಲಾಭ ಪಡೆಯುವವರೂ ಇದ್ದಾರೆ.

ಮೊದಲು ಸೇವೆಯವರ ಮಾತು ನೋಡೋಣ, ಅದು ಬೇಗ ಮುಗಿಯುತ್ತದೆ. ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು 2011ರಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಶನ್ ಕಟ್ಟಿಕೊಂಡು ಬೀದಿಗಿಳಿದದ್ದು ಯಾಕೆ ಎಂದು ಈ ಹಿರಿಯರು ಒಮ್ಮೆ ನೆನಪಿಸಿಕೊಳ್ಳಬೇಕು. ಕೂಲಿಗಿಂತ ಕಡಿಮೆ ಸಂಬಳ, ಬಿಟ್ಟುಹೋಗದಂತೆ ಬಾಂಡ್, ಬಾಂಡಿಗೆ ಒತ್ತೆಯಾಗಿ ಆಸ್ಪತ್ರೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಅಸಲಿ ಸರ್ಟಿಫಿಕೇಟುಗಳು. ಆ ಚಳವಳಿಯ ಒತ್ತಡಕ್ಕೆ ರಾಜ್ಯ ಸರ್ಕಾರ ಬಲರಾಮನ್ ಸಮಿತಿ ನೇಮಿಸಿತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರವೂ ಒಂದು ಸಮಿತಿ ಮಾಡಿತು. ಐವತ್ತು ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರು ಹಾಸಿಗೆ ದಾಟಿದರೆ ಸರ್ಕಾರಿ ನರ್ಸಿನ ಸಮ ಕೊಡಬೇಕು ಎಂದು ಅದು ಹೇಳಿತು. ಸಮಿತಿ ಹೇಳಿದ್ದು ಕಾಗದದಲ್ಲಿ ಉಳಿಯಿತು. 2017ರಲ್ಲಿ ಮತ್ತೆ ಮುಷ್ಕರ. ಚೇರ್ತಲದ ಒಂದು ಆಸ್ಪತ್ರೆಯ ಎದುರು ನರ್ಸುಗಳು ಇನ್ನೂರಕ್ಕೂ ಹೆಚ್ಚು ದಿನ ಧರಣಿ ಕೂತರು. ಅಲ್ಲಿಂದ ತಿರುವನಂತಪುರದ ಸೆಕ್ರೆಟೇರಿಯೇಟಿಗೆ ಕಾಲ್ನಡಿಗೆಯಲ್ಲಿ ಹೊರಡುವುದೆಂದು ಗೊತ್ತಾದ ಮೇಲೆ, ಹೊರಡುವ ಹಿಂದಿನ ದಿನ, 2018ರ ಏಪ್ರಿಲ್ 23ರಂದು, ಕನಿಷ್ಠ ವೇತನದ ಅಧಿಸೂಚನೆ ಹೊರಬಿತ್ತು: ಮೂಲ 20,000, ಹಾಸಿಗೆಗಳ ಸಂಖ್ಯೆಗೆ ತಕ್ಕ ಭತ್ಯೆ ಸೇರಿ 30,000ದವರೆಗೆ.

ಅಂದರೆ ನಾಲ್ಕು ವರ್ಷ ಓದಿ, ಐಸಿಯುನಲ್ಲಿ ಜೀವ ಕೈಯಲ್ಲಿ ಹಿಡಿದು ನಿಲ್ಲುವ ಹೆಂಗಸಿಗೆ ಇಪ್ಪತ್ತು ಸಾವಿರ ಕೊಡಿ ಎನ್ನಲು ಈ ಸಮಾಜಕ್ಕೆ ಏಳು ವರ್ಷ ಬೇಕಾಯಿತು. ಅವಳು ಕೆಲಸ ಬಿಟ್ಟಾಗ ಮಾತ್ರ ಸೇವೆಯ ನೆನಪು ಕೂಡಲೇ ಆಗುತ್ತದೆ. ಸೀಟು ಹಾಳಾಯಿತು ಎನ್ನುವವರು ಆ ಸೀಟು ಯಾರ ದುಡ್ಡಿನದು ಎಂದೂ ಹೇಳಬೇಕು. ಸರ್ಕಾರಿ ಸೀಟಿನಲ್ಲಿ ಓದಿದವರ ವಿಷಯದಲ್ಲಿ ಆ ವಾದಕ್ಕೆ ಸ್ವಲ್ಪ ಬಲವಿದೆ, ಒಪ್ಪುತ್ತೇನೆ. ಆದರೆ ಕೇರಳದ, ಕರ್ನಾಟಕದ ನರ್ಸಿಂಗ್ ಸೀಟುಗಳಲ್ಲಿ ಬಹುಪಾಲು ಖಾಸಗಿ. ಅಪ್ಪ ಅಡಿಕೆ ತೋಟದ ಮೇಲೆ ಎತ್ತಿದ ಸಾಲ, ಬ್ಯಾಂಕಿನ ಶೈಕ್ಷಣಿಕ ಸಾಲ, ಅಮ್ಮನ ಬಳೆ. ಆ ಸೀಟಿನ ಮೇಲೆ ಸಮಾಜದ ಹಕ್ಕು ಎಲ್ಲಿಂದ ಬಂತು? ಜರ್ಮನಿಗೋ ಬ್ರಿಟನ್ನಿಗೋ ಹೋಗುವ ನರ್ಸಿಗೆ ಸರ್ಕಾರದ ನೋರ್ಕಾ ರೂಟ್ಸ್, ಒಡೆಪೆಕ್ ಸಂಸ್ಥೆಗಳೇ ದಾರಿ ಮಾಡಿಕೊಡುತ್ತವೆ, ವಿಮಾನ ನಿಲ್ದಾಣದಲ್ಲಿ ಹೂಗುಚ್ಛದ ಫೋಟೊ ತೆಗೆಯುತ್ತಾರೆ. ಅಲ್ಲಿನ ರೋಗಿಗೆ ಸೇವೆ ಮಾಡಿದರೆ ಹೆಮ್ಮೆ, ಇಲ್ಲೇ ಕಾಕನಾಡಿನಲ್ಲಿ ಕೂತು ಆಸ್ಪತ್ರೆಯ ಸಾಫ್ಟ್‌ವೇರ್ ನೋಡಿಕೊಂಡರೆ ದ್ರೋಹ!

‘ನಮ್ಮೂರಿಗೆ ನರ್ಸು ಬೇಡವೇ’ ಎಂಬ ಪ್ರಶ್ನೆ ಕಾಸರಗೋಡಿನಲ್ಲಿ ಕೇಳಿದರೆ ನೋವಾಗುವ ಪ್ರಶ್ನೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ರೋಗಿಗಳು ಸತ್ತ ಜಿಲ್ಲೆ ಇದು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾಗಿತ್ತು. ಕೋವಿಡ್ ಬಂದಾಗ ಅದರ ತರಗತಿಗಳ ಕಟ್ಟಡವನ್ನೇ ತರಾತುರಿಯಲ್ಲಿ ಆಸ್ಪತ್ರೆ ಮಾಡಬೇಕಾಯಿತು. ನರ್ಸು ಬೇಕು, ನಿಜ. ಬೇಕೆಂದರೆ ಹುದ್ದೆ ಸೃಷ್ಟಿಸಬೇಕು, ಸಂಬಳ ಕೊಡಬೇಕು. ಹುದ್ದೆ ಇಲ್ಲದ ಊರಿನವರು ಕೆಲಸ ಹುಡುಕಿ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದವಳನ್ನು ಬೈದರೆ ಒಂದು ಹಾಸಿಗೆಯೂ ಹೆಚ್ಚಾಗುವುದಿಲ್ಲ.

ಇನ್ನು ಉಳಿದವರ ಮಾತು. ಅದೇ ಹೆಚ್ಚು ಅಪಾಯಕಾರಿ, ಯಾಕೆಂದರೆ ಅದು ಪ್ರೋತ್ಸಾಹದ ವೇಷದಲ್ಲಿ ಬರುತ್ತದೆ.

ಆಸ್ಪತ್ರೆಯ ಸಾಫ್ಟ್‌ವೇರಿನಲ್ಲಿ ವೈದ್ಯರು ಔಷಧ ಬರೆಯುವ ಒಂದು ಪರದೆ ಇದೆ ಎಂದುಕೊಳ್ಳಿ. ಔಷಧದ ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಸಲ. ಎಂಜಿನಿಯರಿಂಗ್ ಮುಗಿಸಿ ಬಂದ ಹುಡುಗ ಪ್ರಮಾಣದ ಜಾಗದಲ್ಲಿ ಏನು ಬೇಕಾದರೂ ಟೈಪ್ ಮಾಡುವ ಖಾಲಿ ಚೌಕ ಇಡುತ್ತಾನೆ. ಅವನ ಲೆಕ್ಕದಲ್ಲಿ ಅದು ಅನುಕೂಲ. ನರ್ಸಾಗಿದ್ದವಳು ಆ ಚೌಕ ಕಂಡರೆ ಬೆಚ್ಚುತ್ತಾಳೆ. ಇನ್ಸುಲಿನ್ 10 ಎಂದು ಬರೆದು ಪಕ್ಕದಲ್ಲಿ ಯೂನಿಟ್ ಎನ್ನಲು ಇಂಗ್ಲಿಷಿನ ‘ಯು’ ಅಕ್ಷರ ಒಂದನ್ನೇ ಹಾಕಿದರೆ, ಅದನ್ನು ಸೊನ್ನೆಯೆಂದು ಓದಿ 100 ಯೂನಿಟ್ ಚುಚ್ಚಿಬಿಡುವ ಅಪಾಯವಿದೆ, ಯೂನಿಟ್ ಎಂದು ಪೂರ್ತಿ ಬರೆಯಬೇಕು ಎನ್ನುವುದು ಅವಳಿಗೆ ಮೊದಲ ವರ್ಷದಲ್ಲೇ ತಲೆಗೆ ಹೊಡೆದು ಕೂರಿಸಿದ ಪಾಠ. ಮಿಲಿಗ್ರಾಮ್, ಮೈಕ್ರೋಗ್ರಾಮ್ ಎರಡನ್ನೂ ಪಟ್ಟಿಯಲ್ಲಿ ಒಂದರ ಕೆಳಗೊಂದು ಇಟ್ಟರೆ ನಡುರಾತ್ರಿ ಮೂರು ಗಂಟೆಗೆ ಬೆರಳು ಎಲ್ಲಿ ಜಾರುತ್ತದೆ ಎಂಬುದೂ ಅವಳಿಗೆ ಗೊತ್ತು. ನಾಳೆ ಆಪರೇಷನ್ ಎಂದು ರಾತ್ರಿಯಿಂದ ಊಟ ನಿಲ್ಲಿಸಿದ ರೋಗಿಗೆ ಬೆಳಗಿನ ಇನ್ಸುಲಿನ್ ಕೊಡುವ ಹೊತ್ತಾಯಿತೆಂದು ಪರದೆ ಮಿನುಗುತ್ತಲೇ ಇದ್ದರೆ ಏನು ಗತಿ? ಒಂದೇ ವಾರ್ಡಿನಲ್ಲಿ ಇಬ್ಬರು ಫಾತಿಮಾಗಳಿದ್ದಾಗ, ಒಬ್ಬರ ಹಾಸಿಗೆ ರಾತ್ರಿ ಬದಲಾದರೆ ರಕ್ತದ ಮಾದರಿಯ ಚೀಟಿ ಹಾಸಿಗೆಯ ಜೊತೆ ಹೋಗುತ್ತದೋ ರೋಗಿಯ ಜೊತೆ ಹೋಗುತ್ತದೋ? ಸಾಫ್ಟ್‌ವೇರ್ ಪರೀಕ್ಷಿಸುವವರು ಇಂಥ ಸಂದರ್ಭಗಳನ್ನು ಟೆಸ್ಟ್ ಕೇಸ್ ಎಂದು ಕರೆದು ಹುಡುಕಿ ಹುಡುಕಿ ಬರೆಯುತ್ತಾರೆ. ಇವಳು ಹುಡುಕಬೇಕಾಗಿಲ್ಲ, ನೆನಪಿಸಿಕೊಂಡರೆ ಸಾಕು.

ಕಂಪ್ಯೂಟರ್ ಓದುವವರಿಗೆಲ್ಲ ಪಾಠವಾಗಿ ಹೇಳುವ ಥೆರಾಕ್-25ರ ಪ್ರಕರಣವನ್ನು ಇಲ್ಲಿ ಹೇಳಲೇಬೇಕು. ಕೆನಡಾದಲ್ಲಿ ತಯಾರಾದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ ಅದು. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿ ಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಯಂತ್ರದಿಂದ ಹಾಗಾಗುವುದು ಸಾಧ್ಯವೇ ಇಲ್ಲ ಎಂದು ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹೇಳುತ್ತ ಹೋದರು. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಎರಡನೆಯ ಸಲ ಅವಘಡವಾದಾಗ, ಅಲ್ಲಿನ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುತ್ತಿದ್ದ ತಂತ್ರಜ್ಞೆ ಪಟ್ಟು ಬಿಡದೆ ಕೂತು ಆ ತಪ್ಪನ್ನು ಮತ್ತೆ ಬರಿಸಿ ತೋರಿಸಿದರು. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಕೈ ಬಹಳ ವೇಗವಾಗಿ ಟೈಪ್ ಮಾಡುತ್ತದೆ. ಒಂದು ಅಕ್ಷರ ತಪ್ಪಿದರೆ ಬಾಣದ ಕೀಲಿ ಒತ್ತಿ ಮೇಲೆ ಹೋಗಿ ಕ್ಷಣದಲ್ಲಿ ತಿದ್ದುತ್ತದೆ. ಆ ವೇಗದ ತಿದ್ದುಪಡಿಯನ್ನು ಪ್ರೋಗ್ರಾಮ್ ಗಮನಿಸುತ್ತಲೇ ಇರಲಿಲ್ಲ. ನಿಧಾನವಾಗಿ ಟೈಪ್ ಮಾಡಿ ಪರೀಕ್ಷಿಸಿದ ಎಂಜಿನಿಯರುಗಳಿಗೆ ದೋಷ ಕಂಡೇ ಇರಲಿಲ್ಲ. ಅವರಿಗೆ ಕೋಡ್ ಗೊತ್ತಿತ್ತು, ಆ ಕೋಣೆಯಲ್ಲಿ ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ, ಕೈ ಎಷ್ಟು ಚುರುಕಾಗಿ ಓಡುತ್ತದೆ ಎನ್ನುವುದು ಗೊತ್ತಿರಲಿಲ್ಲ.

ಆ ತಂತ್ರಜ್ಞೆ ನಾಳೆ ತಿರುವನಂತಪುರದ ಕಳಕ್ಕೂಟಂನ ಟೆಕ್ನೋಪಾರ್ಕಿಗೆ ಅರ್ಜಿ ಹಾಕಿದರೆ ಅವಳಿಗೂ ಫ್ರೆಶರ್ ಎಂದೇ ಮುದ್ರೆ ಒತ್ತುತ್ತಾರೆ.

ಇದು ಉತ್ಪ್ರೇಕ್ಷೆಯಲ್ಲ. ಕುಂಬಳೆ ಕಡೆಯ ಒಬ್ಬಾಕೆ, ನಮಗೆ ದೂರದ ಸಂಬಂಧ, ಎರ್ನಾಕುಳಂನ ಒಂದು ದೊಡ್ಡ ಆಸ್ಪತ್ರೆಯ ಹೃದ್ರೋಗ ಐಸಿಯುನಲ್ಲಿದ್ದವಳು. ರಾತ್ರಿ ಪಾಳಿಯಿಂದ ಬಂದು ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತಳು. ಆಸ್ಪತ್ರೆಗಳಿಗೇ ಸಾಫ್ಟ್‌ವೇರ್ ಮಾಡುವ ಒಂದು ಕಂಪನಿಯ ಸಂದರ್ಶನಕ್ಕೆ ಹೋದಳು. ಅರ್ಜಿಯಲ್ಲಿ ಸಂಬಂಧಪಟ್ಟ ಅನುಭವ ಎಷ್ಟು ವರ್ಷ ಎಂಬ ಚೌಕದಲ್ಲಿ ಐದು ಎಂದು ಬರೆದಿದ್ದಳು. ಎದುರು ಕೂತಿದ್ದ ಹುಡುಗ ನಗುತ್ತ, ‘ಮೇಡಂ, ಇದನ್ನು ಸೊನ್ನೆ ಮಾಡಿಬಿಡಿ, ಸಿಸ್ಟಮ್ ತಗೊಳ್ಳೋದಿಲ್ಲ’ ಎಂದನಂತೆ. ಅವಳು ಸೊನ್ನೆ ಮಾಡಿದಳು. ಕೆಲಸ ಸಿಕ್ಕಿತು, ಸಂಬಳ ಐಸಿಯುನಲ್ಲಿ ಸಿಗುತ್ತಿದ್ದುದಕ್ಕಿಂತ ಕಡಿಮೆ. ಸೇರಿದ ಮೇಲೆ ತಂಡದವರೆಲ್ಲ ದಿನವಿಡೀ ಅವಳನ್ನು ಕೇಳುತ್ತಿದ್ದುದು ಏನು? ಡಿಸ್ಚಾರ್ಜ್ ಹೇಗೆ ನಡೆಯುತ್ತದೆ, ಕೇಸ್ ಶೀಟಿನಲ್ಲಿ ಏನೇನು ಇರುತ್ತದೆ, ಪಾಳಿ ಬದಲಾದಾಗ ಹ್ಯಾಂಡ್‌ಓವರ್ ಹೇಗೆ ಕೊಡುತ್ತಾರೆ. ಅಂದರೆ ಆ ಐದು ವರ್ಷವನ್ನು ಕಂಪನಿ ದಿನಾಲೂ ಬಳಸಿಕೊಳ್ಳುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದಕ್ಕೆ ಬೆಲೆ ಇರಲಿಲ್ಲ. ಸೊನ್ನೆಯಿಂದ ಯಾರಿಗೆ ಲಾಭ ಎಂದು ಇನ್ನು ಬಿಡಿಸಿ ಹೇಳಬೇಕೇ?

ಇದೇ ಟೆಕ್ನೋಪಾರ್ಕಿನಲ್ಲಿ 1997ರಲ್ಲಿ ಹುಟ್ಟಿದ ಐಬಿಎಸ್ ಕಂಪನಿ ವಿಮಾನ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಮಾಡಿ ಹೆಸರಾಯಿತು. ಅದನ್ನು ಕಟ್ಟಿದ ವಿ. ಕೆ. ಮ್ಯಾಥ್ಯೂಸ್ ಎಮಿರೇಟ್ಸ್‌ನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡಿದ್ದವರು. ವಿಮಾನ ಸಂಸ್ಥೆಯ ಒಳಹೊರಗು ಬಲ್ಲವರು ಎಂಬುದನ್ನು ಅವರ ಬಂಡವಾಳ ಎಂದು ಎಲ್ಲರೂ ಹೊಗಳುತ್ತಾರೆ, ಸರಿಯಾಗಿಯೇ ಹೊಗಳುತ್ತಾರೆ. ವಿಮಾನ ಬಲ್ಲವರಿಗೆ ಬಂಡವಾಳವಾದದ್ದು ವಾರ್ಡ್ ಬಲ್ಲವಳಿಗೆ ಯಾಕೆ ಹೊರೆಯಾಯಿತು? ಒಂದು ಗಂಡಸರ, ಮ್ಯಾನೇಜರರ ಅನುಭವ, ಇನ್ನೊಂದು ಯೂನಿಫಾರ್ಮ್ ಹಾಕಿದ ಹೆಂಗಸಿನದು ಎನ್ನುವುದನ್ನು ಬಿಟ್ಟರೆ ನನಗೆ ಬೇರೆ ಕಾರಣ ತೋಚುವುದಿಲ್ಲ.

ಮೆಡಿಕಲ್ ಕೋಡಿಂಗ್ ಎಂಬ ಕೆಲಸದಲ್ಲಾದರೂ ನರ್ಸಿಗೆ ಮಾನ್ಯತೆ ಇದೆಯಲ್ಲ ಎನ್ನುವವರಿದ್ದಾರೆ. ಹೆಸರು ಕೇಳಿ ಮೋಸಹೋಗಬೇಡಿ, ಅದು ಪ್ರೋಗ್ರಾಮ್ ಬರೆಯುವ ಕೋಡಿಂಗ್ ಅಲ್ಲ. ಅಮೆರಿಕದ ಆಸ್ಪತ್ರೆಯ ರೋಗಿಯ ದಾಖಲೆ ಓದಿ, ರೋಗಕ್ಕೂ ಚಿಕಿತ್ಸೆಗೂ ವಿಮಾ ಕಂಪನಿ ಒಪ್ಪುವ ಸಂಕೇತ ಹಾಕುವುದು. ಆ ದೇಶ 2015ರ ಅಕ್ಟೋಬರ್ 1ರಂದು ಐಸಿಡಿ-10 ಎಂಬ ಸಂಕೇತಪಟ್ಟಿಗೆ ಬದಲಾದಾಗ ರೋಗಗಳ ಸಂಕೇತಗಳೇ ಸುಮಾರು 70 ಸಾವಿರಕ್ಕೆ ಏರಿದವು. ಕೊಚ್ಚಿಯಲ್ಲಿ, ತಿರುವನಂತಪುರದಲ್ಲಿ ಇದಕ್ಕೆ ತರಬೇತಿ ಕೊಡುವ ಕೇಂದ್ರಗಳು ಬೀದಿಗೊಂದರಂತೆ ಎದ್ದಿವೆ. ಅಲ್ಲೂ ಫ್ಲೆಕ್ಸಿನ ಮೇಲೆ ‘ಯಾವ ಪದವಿಯಾದರೂ ಆಗುತ್ತದೆ’ ಎಂದೇ ಬರೆದಿರುತ್ತದೆ.

ಆಗುತ್ತದೆಯೇ? ಬರೀ ಸಕ್ಕರೆ ಕಾಯಿಲೆಯಿದ್ದು ತೊಡಕುಗಳಿಲ್ಲದಿದ್ದರೆ ಇ11.9. ಅದೇ ರೋಗಿಗೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯೂ ಇದ್ದರೆ ಇ11.22 ಹಾಕಿ, ಕಾಯಿಲೆ ಯಾವ ಹಂತದಲ್ಲಿದೆ ಎಂದು ಎನ್18ರ ಸಾಲಿನಿಂದ ಇನ್ನೊಂದು ಸಂಕೇತ ಸೇರಿಸಬೇಕು, ಇನ್ಸುಲಿನ್ ಮೇಲಿದ್ದರೆ ಅದಕ್ಕೂ ಒಂದು. ಬಿ.ಕಾಂ. ಓದಿದ ಹುಡುಗ ನಿಯಮ ಬಾಯಿಪಾಠ ಮಾಡಿ ಇದನ್ನು ಹಾಕಬಲ್ಲ, ಚೆನ್ನಾಗಿಯೇ ಹಾಕಬಲ್ಲ. ಆದರೆ ದಾಖಲೆಯಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಒಂದು ವಾರದಲ್ಲಿ ಏರಿ ಇಳಿದದ್ದು ಕಂಡಾಗ, ಇದು ಹಳೆಯ ಕಾಯಿಲೆಯೋ ಈಗ ಬಂದ ತೊಂದರೆಯೋ ಎಂಬ ಅನುಮಾನ ಬಂದು ಕೈ ನಿಲ್ಲುವುದು ಅಂಥ ರೋಗಿಯ ಮೂತ್ರದ ಚೀಲ ಗಂಟೆಗಂಟೆಗೆ ಅಳೆದು ಬರೆದವಳಿಗೆ. ಅವಳು ವೈದ್ಯರಿಗೆ ಪ್ರಶ್ನೆ ಕಳಿಸುತ್ತಾಳೆ. ಆ ಪ್ರಶ್ನೆಯಲ್ಲಿ ಆಸ್ಪತ್ರೆಯ ದುಡ್ಡೂ ಇದೆ, ರೋಗಿಯ ದಾಖಲೆಯ ನಿಜವೂ ಇದೆ. ದಿನಕ್ಕೆ ಎಷ್ಟು ಚಾರ್ಟ್ ಮುಗಿಸಿದೆ ಎಂದು ಮಾತ್ರ ಎಣಿಸುವ ಕಚೇರಿಯಲ್ಲಿ ಹಾಗೆ ಕೈ ನಿಲ್ಲಿಸಿದ್ದೇ ಅವಳ ತಪ್ಪಾಗುತ್ತದೆ.

ಈ ಕೆಲಸವನ್ನು ನಾನು ಸ್ವರ್ಗವೆಂದು ಮಾರಲು ಹೊರಟಿಲ್ಲ. ಬೆಂಗಳೂರಿನವರಿಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ನೆನಪಿರಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ವೈದ್ಯರು ಹಗಲು ಹೇಳಿದ್ದನ್ನು ಇಲ್ಲಿನವರು ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡಿ ಅಲ್ಲಿ ಬೆಳಗಾಗುವಷ್ಟರಲ್ಲಿ ಕಳಿಸುತ್ತಿದ್ದರು. ಇನ್ನು ಮುಂದೆ ಇದೇ ಬದುಕು ಎಂದು ಆಗಲೂ ಬೀದಿಬೀದಿಯಲ್ಲಿ ತರಬೇತಿ ಕೇಂದ್ರಗಳಿದ್ದವು. ಮಾತನ್ನು ಬರಹಕ್ಕಿಳಿಸುವ ಸಾಫ್ಟ್‌ವೇರ್ ಬಂದು ಆ ಕೆಲಸವನ್ನು ಬಹಳಮಟ್ಟಿಗೆ ನುಂಗಿತು. ಕೋಡಿಂಗ್‌ನಲ್ಲೂ ಸುಲಭದ ಚಾರ್ಟುಗಳನ್ನು ಯಂತ್ರಕ್ಕೆ ಕೊಡುವುದು ಈಗಾಗಲೇ ಶುರುವಾಗಿದೆ. ಸೊನ್ನೆಯವರ ಮಾತನ್ನು ನಂಬಿ ಹೋದವರಿಗೇ ಇದರ ಪೆಟ್ಟು ಮೊದಲು ಬೀಳುವುದು, ಯಾಕೆಂದರೆ ಅವರು ಕಲಿತದ್ದು ಯಂತ್ರ ಕಲಿಯಬಲ್ಲ ಭಾಗವನ್ನು ಮಾತ್ರ. ಅನುಮಾನ ಪಟ್ಟು ಕೈ ನಿಲ್ಲಿಸುವುದನ್ನು ಮೂರು ತಿಂಗಳ ಕೋರ್ಸಿನಲ್ಲಿ ಯಾರೂ ಕಲಿಸುವುದಿಲ್ಲ.

ಎಲ್ಲ ನರ್ಸುಗಳೂ ಎಲ್ಲ ಕಂಪ್ಯೂಟರ್ ಕೆಲಸಕ್ಕೂ ಸಿದ್ಧರಾಗಿಯೇ ಬರುತ್ತಾರೆ ಎಂದೂ ನಾನು ಹೇಳುತ್ತಿಲ್ಲ. ಬ್ಯಾಂಕಿನ ಸಾಫ್ಟ್‌ವೇರಿಗೆ ಜಾವಾ ಬರೆಯಲು ಹೋದರೆ ಇಸಿಜಿ ಓದಬಲ್ಲೆ ಎನ್ನುವುದಕ್ಕೆ ಅಲ್ಲಿ ಬೆಲೆಯಿಲ್ಲ, ಜಾವಾವನ್ನು ಮೊದಲಿನಿಂದಲೇ ಕಲಿಯಬೇಕು. ಕಷ್ಟ ಇದೆ. ಮೂವತ್ತು ದಾಟಿದ ಮೇಲೆ, ಮಗುವನ್ನು ಅಮ್ಮನ ಹತ್ತಿರ ಬಿಟ್ಟು, ಇಪ್ಪತ್ತೆರಡರ ಹುಡುಗರ ಜೊತೆ ಕೂತು ಕಲಿಯುವುದು ಸಣ್ಣ ಮಾತಲ್ಲ. ಆದರೂ ಅಲ್ಲಿಗೂ ಅವಳು ಬರಿಗೈಯಲ್ಲಿ ಹೋಗುವುದಿಲ್ಲ. ಬರೆಯದೆ ಬಿಟ್ಟದ್ದು ಮಾಡಿದ್ದಲ್ಲ ಎಂಬ ದಾಖಲೆಯ ಶಿಸ್ತು, ಒಟ್ಟಿಗೆ ನಾಲ್ಕು ಅಲಾರಂ ಬಡಿದಾಗ ಯಾವುದಕ್ಕೆ ಮೊದಲು ಓಡಬೇಕೆಂಬ ತಿಳಿವಳಿಕೆ, ನಡುರಾತ್ರಿ ಫೋನ್ ಮಾಡಿ ಸಿಡುಕುವ ಹಿರಿಯನಿಗೆ ಎರಡೇ ವಾಕ್ಯದಲ್ಲಿ ಪರಿಸ್ಥಿತಿ ಹೇಳುವ ಧೈರ್ಯ. ಸರ್ವರ್ ಬಿದ್ದ ರಾತ್ರಿ ಇವು ಮೂರೂ ಬೇಕು. ಸಾಫ್ಟ್‌ವೇರ್ ಕಂಪನಿಗಳು ಇದನ್ನು ಕಲಿಸಲು ಹೋಟೆಲಿನ ಸಭಾಂಗಣ ಬಾಡಿಗೆಗೆ ಹಿಡಿದು ಶಿಬಿರ ನಡೆಸುತ್ತವೆ.

ಆಸ್ಪತ್ರೆ ಮತ್ತು ಕಂಪ್ಯೂಟರ್ ಎರಡು ಬೇರೆ ಲೋಕಗಳು ಎಂಬ ಕಲ್ಪನೆಯೇ ಚರಿತ್ರೆ ಗೊತ್ತಿಲ್ಲದವರದು. ಇಂದಿಗೂ ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳ ದಾಖಲೆ ವ್ಯವಸ್ಥೆಗಳ ಅಡಿಪಾಯದಲ್ಲಿರುವ ಮಂಪ್ಸ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅರುವತ್ತರ ದಶಕದಲ್ಲಿ ಹುಟ್ಟಿದ್ದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯೊಳಗೆ, ಒಬ್ಬ ವೈದ್ಯರ ಪ್ರಯೋಗಾಲಯದಲ್ಲಿ. ಅಮೆರಿಕದ ನರ್ಸುಗಳ ಸಂಘ ನರ್ಸಿಂಗ್ ಇನ್ಫರ್ಮ್ಯಾಟಿಕ್ಸನ್ನು ನರ್ಸಿಂಗ್‌ನದೇ ಒಂದು ವಿಶೇಷ ಶಾಖೆಯೆಂದು 1992ರಲ್ಲೇ ಒಪ್ಪಿಕೊಂಡಿತು. ಅಲ್ಲಿ ಅದು ನರ್ಸಿಂಗ್ ಒಳಗೇ ಮೇಲೇರುವ ಮೆಟ್ಟಿಲು, ಇಲ್ಲಿ ನಾವು ಅದಕ್ಕೆ ಓಡಿಹೋದಳು ಎನ್ನುತ್ತೇವೆ.

ಅಷ್ಟು ದೂರ ಯಾಕೆ, ತಿರುವನಂತಪುರದಲ್ಲೇ ನೋಡಬಹುದು. ಮೆಡಿಕಲ್ ಕಾಲೇಜಿನ ಆವರಣದಲ್ಲಿರುವ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಎಂಜಿನಿಯರುಗಳನ್ನು ಸೇರಿಸಿಕೊಂಡು ಕೃತಕ ಹೃದಯ ಕವಾಟ ಮಾಡಲು ಹೊರಟಾಗ ಮಾದರಿಯ ಮೇಲೆ ಮಾದರಿ ಸೋತಿತು. ಜಿ. ಎಸ್. ಭುವನೇಶ್ವರ್ ಮುಂದಾಳಾಗಿದ್ದ ಎಂಜಿನಿಯರುಗಳ ತಂಡ ಹತ್ತು ವರ್ಷಕ್ಕೂ ಹೆಚ್ಚು ದುಡಿದ ಮೇಲೆ, 1990ರ ಡಿಸೆಂಬರಿನಲ್ಲಿ ಚಿತ್ರಾ ಕವಾಟವನ್ನು ಮೊದಲ ರೋಗಿಗೆ ಅಳವಡಿಸಿದರು. ಆಮೇಲೆ ಅದು ಲಕ್ಷಕ್ಕೂ ಮಿಕ್ಕಿದ ಎದೆಗಳಲ್ಲಿ ಮಿಡಿಯಿತು. ಟೆಕ್ನೋಪಾರ್ಕ್ ಶುರುವಾದದ್ದೂ ಅದೇ 1990ರಲ್ಲಿ, ಅದೇ ನಗರದಲ್ಲಿ, ಮೆಡಿಕಲ್ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ. ವೈದ್ಯರೂ ಎಂಜಿನಿಯರುಗಳೂ ಒಂದೇ ಮೇಜಿಗೆ ಕೂತರೆ ಏನಾಗುತ್ತದೆಂದು ಜಗತ್ತಿಗೆ ತೋರಿಸಿದ ಊರಿನಲ್ಲಿ, ಆ ಮೇಜಿನ ಎರಡೂ ಬದಿಯ ಕೆಲಸ ಬಲ್ಲ ಹೆಂಗಸಿಗೆ ತರಬೇತಿ ವೇತನದ ಕುರ್ಚಿ ತೋರಿಸುತ್ತಿದ್ದೇವೆ.

2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿ ಪ್ರಜೆಗೂ ಹದಿನಾಲ್ಕು ಅಂಕಿಯ ಆರೋಗ್ಯ ಸಂಖ್ಯೆ ಕೊಡಲು ಹೊರಟಿದೆ. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಇ-ಹೆಲ್ತ್ ಯೋಜನೆಯ ಕಂಪ್ಯೂಟರುಗಳು ಕೂತಿವೆ. ಯಾವ ತಾಲೂಕು ಆಸ್ಪತ್ರೆಗಾದರೂ ಹೋಗಿ ನರ್ಸನ್ನು ಕೇಳಿ: ಒಮ್ಮೆ ಪುಸ್ತಕದಲ್ಲಿ ಬರೆಯಬೇಕು, ಮತ್ತೊಮ್ಮೆ ಕಂಪ್ಯೂಟರಿನಲ್ಲಿ ಹಾಕಬೇಕು, ರೋಗಿಯ ಹತ್ತಿರ ನಿಲ್ಲಲು ಹೊತ್ತೆಲ್ಲಿ ಎಂದು ಗೊಣಗದವರು ಕಡಿಮೆ. ಆ ಪರದೆ ಬರೆದ ತಂಡದಲ್ಲಿ ಪಾಳಿಯಲ್ಲಿ ನಿಂತು ಕಾಲು ಊದಿಸಿಕೊಂಡವರು ಒಬ್ಬರಿದ್ದಿದ್ದರೆ, ಒಂದೇ ಮಾಹಿತಿಯನ್ನು ಎರಡು ಸಲ ತುಂಬಿಸುವ ಯೋಚನೆ ಮೊದಲ ಸಭೆಯಲ್ಲೇ ಬಿದ್ದುಹೋಗುತ್ತಿತ್ತು. ವಾರ್ಡ್ ಬಿಟ್ಟವಳು ಹೀಗೆ ವಾರ್ಡಿನಲ್ಲಿ ಉಳಿದವರ ಎಷ್ಟೋ ಗಂಟೆಗಳನ್ನು ಉಳಿಸಿಕೊಡಬಲ್ಲಳು. ಸೇವೆ ಎಂದು ಹಲುಬುವವರು ಇದನ್ನೂ ಆ ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ಮನೆಯವರಿಗೆ ನಾನು ಹೇಳುವುದು ಇಷ್ಟೇ: ಮಗಳು ಸರ್ಟಿಫಿಕೇಟುಗಳನ್ನು ಟ್ರಂಕಿನ ಅಡಿಗೆ ಹಾಕುತ್ತಿದ್ದರೆ ಮೇಲೆ ತೆಗೆದಿಡಿ. ನರ್ಸಿಂಗ್ ಕೌನ್ಸಿಲಿನ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸುತ್ತಿರಲಿ, ಅದಕ್ಕೆ ಆಗುವ ಖರ್ಚು ದೊಡ್ಡದಲ್ಲ. ಬಾಕಿ ಜಗಳ ಕಂಪನಿಗಳ ಜೊತೆ. ಆಸ್ಪತ್ರೆಗೆ, ವಿಮೆಗೆ, ಔಷಧ ಕಂಪನಿಗೆ ಸಾಫ್ಟ್‌ವೇರ್ ಮಾರುವವರು ಅರ್ಜಿಯ ಆ ಚೌಕವನ್ನು ಬದಲಿಸಲಿ, ವಾರ್ಡಿನ ವರ್ಷಗಳನ್ನು ಅರ್ಧವಾದರೂ ಎಣಿಸಿ ಸಂಬಳ ಗೊತ್ತುಮಾಡಲಿ. ಗಿರಾಕಿ ಆಸ್ಪತ್ರೆಯವರ ಎದುರು ತಮ್ಮ ತಂಡದಲ್ಲಿ ವೈದ್ಯಕೀಯ ಪರಿಣತರಿದ್ದಾರೆ ಎಂದು ಇವೇ ಕಂಪನಿಗಳು ಹೇಳಿಕೊಳ್ಳುತ್ತವೆ, ಬಿಲ್ಲಿನಲ್ಲಿ ಅದಕ್ಕೆ ದರವನ್ನೂ ಹಾಕುತ್ತವೆ. ಆ ಪರಿಣತೆ ಯಾರು ಎಂದು ಹುಡುಕಿಕೊಂಡು ಹೋದರೆ, ತಿಂಗಳ ಕೊನೆಗೆ ಫ್ರೆಶರ್ ಸಂಬಳದ ಚೀಟಿ ಹಿಡಿದುಕೊಂಡಿರುವ ಆ ಕುಂಬಳೆಯವಳೇ ಸಿಗುತ್ತಾಳೆ.